ಇಪ್ಪತ್ಮೂರು ಸಲ ತೆರೆದ ಪುಟ

ಕೊಡೆ ಕಾರ್ಖಾನೆಯವರು ಗೇಟಕ್ಕನಿಗೆ ಒಂದು ಗಂಟೆ ಮೂವತ್ತೆರಡು ನಿಮಿಷದ ಕೂಲಿ ಇನ್ನೂ ಕೊಟ್ಟಿಲ್ಲ. ದೊಡ್ಡ ಮೊತ್ತವೇನಲ್ಲ, ಕೈಗೆ ಬಂದರೆ ಚಹಾ ಕುಡಿದು ಮುಗಿಸುವಷ್ಟು. ಆದರೂ ಆಕೆ ಮೂರು ಅರ್ಜಿ ಬರೆದು, ಮೂರಕ್ಕೂ ಆಫೀಸಿನ ಸೀಲು ಹಾಕಿಸಿಕೊಂಡು, ನಕಲುಗಳನ್ನು ಟ್ರಂಕಿನಲ್ಲಿ ಇಟ್ಟಿದ್ದಾಳೆ. ಕೇಳಿದವರು ನಗುತ್ತಾರೆ. ನಗಲಿ. ಆ ಒಂದೂವರೆ ಗಂಟೆ ಆಕೆ ಏನು ಮಾಡುತ್ತಿದ್ದಳು, ಅದನ್ನು ನಿಮಿಷ ಬಿಡದೆ ಬರೆದುಕೊಂಡವರು ಯಾರು ಎಂಬುದು ಗೊತ್ತಾದರೆ ನಗು ಅರ್ಧಕ್ಕೇ ನಿಲ್ಲುತ್ತದೆ.

ಗೇಟಕ್ಕನಿಗೆ ಐವತ್ತೇಳು. ಕಾರ್ಖಾನೆಯ ಗೇಟಿನಲ್ಲಿ ಮೂವತ್ತು ವರ್ಷ ನಿಂತು ನಿಂತು ಮೊಣಕಾಲು ಸವೆದಿವೆ, ನಾಲಿಗೆ ಮಾತ್ರ ಸವೆದಿಲ್ಲ. ತಗಡಿನ ಗೂಡು, ಒಂದು ಕಾಲು ಕುಂಟುವ ಕುರ್ಚಿ, ದಾರ ಕಟ್ಟಿದ ಪೆನ್ನು, ಉದ್ದನೆಯ ರಿಜಿಸ್ಟರು. ಇಷ್ಟೇ ಆಕೆಯ ರಾಜ್ಯ. ಹೊರಗಿನವರು ಯಾರೇ ಬರಲಿ, ರಿಜಿಸ್ಟರಿನಲ್ಲಿ ತಮ್ಮ ಸಾಲನ್ನು ತಾವೇ ಬರೆಯಬೇಕು: ಹೆಸರು, ಯಾರನ್ನು ನೋಡಬೇಕು, ಯಾಕೆ, ಸಹಿ. ಬಂದ ಹೊತ್ತು, ಹೋದ ಹೊತ್ತನ್ನಷ್ಟೇ ಗೇಟಕ್ಕ ಬರೆಯುತ್ತಾಳೆ. ಬರೆದು ಪುಸ್ತಕವನ್ನು ಬಂದವರ ಕಡೆಗೆ ತಿರುಗಿಸುತ್ತಾಳೆ. "ಸರಿ ಇದೆಯಾ ನೋಡ್ಕೊಳ್ಳಿ." ಇದು ಯಾವ ಮ್ಯಾನೇಜರೂ ಹೇಳಿಕೊಟ್ಟ ಪದ್ಧತಿಯಲ್ಲ. ಒಬ್ಬರ ಬಗ್ಗೆ ಬರೆಯುವುದಿದ್ದರೆ ಅವರ ಕಣ್ಣೆದುರಿಗೇ ಬರೆಯಬೇಕು ಎಂಬುದು ಆಕೆ ತಾನೇ ಹಾಕಿಕೊಂಡ ಕಾನೂನು.

‘ಯಾಕೆ’ ಎಂಬ ಕಾಲಮಿನಲ್ಲಿ ಜನ ಬರೆಯುವ ಸುಳ್ಳುಗಳನ್ನು ಓದಿದರೆ ಹೊಟ್ಟೆ ಹುಣ್ಣಾಗಬೇಕು. ಸಾಲ ವಸೂಲಿಗೆ ಬಂದವನು ‘ಕ್ಷೇಮ ಸಮಾಚಾರ’ ಎಂದು ಬರೆಯುತ್ತಾನೆ. ಕ್ಷೇಮ ಸಮಾಚಾರಕ್ಕೆ ಬಂದ ಭಾವಮೈದುನ ‘ವ್ಯವಹಾರ’ ಎಂದು ಬರೆಯುತ್ತಾನೆ. ಗೇಟಕ್ಕನಿಗೆ ಎಲ್ಲ ಗೊತ್ತು, ಯಾವುದನ್ನೂ ತಿದ್ದುವುದಿಲ್ಲ. ಹಿಂದೊಬ್ಬ ಮ್ಯಾನೇಜರ್, ಹೆಂಗಸರು ಕಕ್ಕಸಿಗೆ ಹೋಗಿ ಎಷ್ಟು ಹೊತ್ತು ಕೂರುತ್ತಾರೆ ಎಂದು ಇನ್ನೊಂದು ಪುಸ್ತಕದಲ್ಲಿ ಬರೆದಿಡು ಎಂದಿದ್ದ. "ನಾನು ಗೇಟು ಕಾಯೋಳು ಸಾರ್, ಕಕ್ಕಸು ಕಾಯೋಳಲ್ಲ. ಅಷ್ಟು ಆಸಕ್ತಿ ಇದ್ರೆ ಬಾಗಿಲಲ್ಲಿ ನೀವೇ ಕುರ್ಚಿ ಹಾಕ್ಕೊಳ್ಳಿ" ಎಂದು ಹೇಳಿ ಪುಸ್ತಕ ವಾಪಸು ಕೊಟ್ಟಳು. ಆ ಪುಸ್ತಕದ ಖಾಲಿ ಹಾಳೆಗಳಲ್ಲಿ ಆಮೇಲೆ ಕ್ಯಾಂಟೀನಿನವರು ಹಾಲಿನ ಲೆಕ್ಕ ಬರೆದರು.

ಮನೆಯಲ್ಲಿ ಆಕೆಗೆ ಇರುವುದು ತಂಗಿಯ ಮಗಳು. ತಂಗಿ ತೀರಿಕೊಂಡ ಮೇಲೆ ಹುಡುಗಿಯನ್ನು ತಾನೇ ಸಾಕಿದಳು. ಹುಡುಗಿಗೆ ಈಗ ಇಪ್ಪತ್ತಾರು. ಅದೇ ಕಾರ್ಖಾನೆಯಲ್ಲಿ ಕಡ್ಡಿಯ ತುದಿಗೆ ಬಟ್ಟೆ ಕಟ್ಟುವ ಕೆಲಸ, ಒಂದು ಕೊಡೆಗೆ ಎಂಟು ಗಂಟು. ಮೂರು ವರ್ಷದಿಂದ ತಾತ್ಕಾಲಿಕ. ಬರುವ ಶನಿವಾರ ಖಾಯಂ ಆಗುವವರ ಪಟ್ಟಿ ಹೊರಬೀಳಬೇಕಿತ್ತು. ಖಾಯಂ ಆದರೆ ಒಂದು ಮಾತಿಗೆ ಮನೆಗೆ ಕಳಿಸಲು ಬರುವುದಿಲ್ಲ, ಕಾಯಿಲೆ ಬಿದ್ದ ದಿನ ಸಂಬಳ ನಿಲ್ಲುವುದಿಲ್ಲ. ಮನೆಯ ಎರಡೂ ಕೋಣೆಗಳಲ್ಲಿ ತಿಂಗಳಿನಿಂದ ಬೇರೆ ಮಾತೇ ಇರಲಿಲ್ಲ.

ಈ ನಡುವೆ ಹೊಸ ಸಿಬ್ಬಂದಿ ಮ್ಯಾನೇಜರ್ ಬಂದ. ಕೂತರೂ ಎದ್ದರೂ ಅಂಗಿಯ ಮೇಲೆ ಒಂದು ಸುಕ್ಕು ಕಾಣದ ಮನುಷ್ಯ. ಮೂರನೆಯ ದಿನಕ್ಕೇ ಕೆಲಸದವರು ಅವನಿಗೆ ‘ಇಸ್ತ್ರಿ’ ಎಂದು ಹೆಸರಿಟ್ಟರು. ಗೇಟಿನ ಪಕ್ಕದ ಗೋಡೆಯಲ್ಲಿ ಗಾಜಿನ ಬಾಗಿಲಿನ ನೋಟಿಸ್ ಬೋರ್ಡೊಂದಿತ್ತು. ಇಸ್ತ್ರಿ ಅದನ್ನು ಕೀಳಿಸಿ, "ಇನ್ಮೇಲೆ ಎಲ್ಲ ವೆಬ್‌ಸೈಟಲ್ಲೇ. ಪಾಳಿ, ರಜೆ, ಸಂಬಳದ ಚೀಟಿ, ನಿಯಮ. ನಿಮ್ಮ ನಿಮ್ಮ ಟೋಕನ್ ನಂಬರು ಹಾಕಿ, ನೋಡ್ಕೊಳ್ಳಿ" ಎಂದ. ಜನಕ್ಕೆ ಖುಷಿಯೇ ಆಯಿತು. ನೂಕಾಡಿಕೊಂಡು ಓದುವ ಗೋಳಿಲ್ಲ. ಆದರೆ ಒಂದು ವಿಷಯ ಯಾರ ತಲೆಗೂ ಹೊಳೆಯಲಿಲ್ಲ. ಬೋರ್ಡಿನ ಮುಂದೆ ಯಾರು ನಿಂತರು, ಎಷ್ಟು ಹೊತ್ತು ನಿಂತರು, ಯಾವ ನೋಟಿಸನ್ನು ಎರಡು ಸಲ ಓದಿದರು ಎಂದು ಬೋರ್ಡು ಯಾರಿಗೂ ಹೋಗಿ ಚಾಡಿ ಹೇಳುತ್ತಿರಲಿಲ್ಲ.

ವೆಬ್‌ಸೈಟು ತೆರೆದ ಕೂಡಲೇ ಒಂದು ಪೆಟ್ಟಿಗೆ ಎದ್ದು ನಿಲ್ಲುತ್ತಿತ್ತು. ‘ನಿಮ್ಮ ಅನುಭವವನ್ನು ಉತ್ತಮಪಡಿಸಲು ನಿಮ್ಮ ಬಳಕೆಯ ಮಾಹಿತಿಯನ್ನು ಸಂಗ್ರಹಿಸುತ್ತೇವೆ.’ ಕೆಳಗೆ ಹಸಿರು ಬಣ್ಣದಲ್ಲಿ, ಅಂಗೈಯಗಲ, ‘ಒಪ್ಪಿದೆ’. ಒತ್ತದಿದ್ದರೆ ಪೆಟ್ಟಿಗೆ ಜಪ್ಪಯ್ಯ ಅಂದರೂ ಸರಿಯುತ್ತಿರಲಿಲ್ಲ. ಎಲ್ಲರೂ ಒತ್ತಿದರು.

ಗೇಟಕ್ಕನ ಬಳಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಹಾಗಾಗಿ ಸಂಜೆ ತಂಗಿ ಮಗಳು ಅಡುಗೆಗೆ ನಿಂತಾಗ ಅವಳ ಫೋನು ಗೇಟಕ್ಕನ ಕೈಗೆ ಬರುತ್ತಿತ್ತು. ಮೊದಲೊಂದು ಸಲ ಅದರಲ್ಲಿ ಮೊಣಕಾಲಿಗೆ ಕಟ್ಟುವ ಪಟ್ಟಿಯನ್ನು ನೋಡಿದ್ದಳು. ನೋಡಿದ್ದು ಅಷ್ಟೆ. ಮರುದಿನದಿಂದ ಸುದ್ದಿ ಓದಲು ಹೋದರೆ ಮೊಣಕಾಲು ಪಟ್ಟಿ, ಹಾಡು ಕೇಳಲು ಹೋದರೆ ಮೊಣಕಾಲು ಪಟ್ಟಿ, ಹುಡುಗಿ ರಜೆ ಹಾಕಲು ಹೋದರೂ ಪಕ್ಕದಲ್ಲಿ ನಗುವ ಮುದುಕಿಯೊಬ್ಬಳ ಮೊಣಕಾಲು.

"ಇವರಿಗೆ ನನ್ನ ಕಾಲು ನೋವು ಅಂತ ಯಾರೇ ಹೇಳಿದ್ದು?"

"ನೀನೇ ಹೇಳಿದ್ದು ದೊಡ್ಡಮ್ಮ. ನೋಡಿದ್ದನ್ನ ಬರ್ಕೊಳ್ತಾರೆ."

"ಗೇಟಿಗೆ ಇಂಥೋನು ಬಂದಿದ್ರೆ ಒಂದೇ ಮಾತಲ್ಲಿ ಕಳಿಸ್ತಿದ್ದೆ. ಇವನು ಒಲೆ ಹತ್ರ ಬಂದು ಕೂತಿದಾನಲ್ಲ!"

ಇಷ್ಟು ತಿಳಿದ ಮೇಲೂ ಆಕೆ ಸುಮ್ಮನಿದ್ದಳೇ? ಇರಲಿಲ್ಲ. ಹಿಂದೊಮ್ಮೆ ಮುಷ್ಕರ ಮುಗಿದಾಗ, ಓದದೇ ಸಹಿ ಹಾಕಿದ ಒಂದು ಒಪ್ಪಂದದಿಂದ ಇಡೀ ಕಾರ್ಖಾನೆ ಒಂದು ವರ್ಷದ ಬೋನಸ್ಸು ಕಳೆದುಕೊಂಡಿತ್ತು. ಅಂದಿನಿಂದ ಕಾರ್ಖಾನೆಯ ಹೆಸರಿರುವ ಯಾವ ಕಾಗದ ಸಿಕ್ಕರೂ ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದುವುದು ಆಕೆಯ ಚಟ. ಮುಂದಿನ ವರ್ಷ ಐವತ್ತೆಂಟು ತುಂಬಿ ನಿವೃತ್ತಿಯಾಗುತ್ತದೆ. ಅದಕ್ಕೂ ಮುಂಚೆ ಕಾಲು ಕೈಕೊಟ್ಟರೆ ಏನು ಸಿಗುತ್ತದೆ ಎಂದು ತಿಳಿಯಬೇಕಿತ್ತು. ಅದಕ್ಕೇ ತಂಗಿ ಮಗಳ ಫೋನಿನಲ್ಲಿ ‘ಕೆಲಸ ಬಿಡುವವರಿಗೆ ನಿಯಮಗಳು’ ಎಂಬ ಪುಟ ತೆರೆದಳು. ನಿಯಮ ಒಂದು, ಎರಡು, ಮೂರು ಎಂದು ಬೆರಳು ಇಳಿಯುತ್ತಾ ಒಂಬತ್ತಕ್ಕೆ ಬಂದರೆ ಸಾಕು, ಆ ಹಾಳು ಪೆಟ್ಟಿಗೆ ಮತ್ತೆ ಎದ್ದು ನಿಲ್ಲುತ್ತಿತ್ತು. ‘ಒಪ್ಪಿದೆ’ ಒತ್ತಿದರೆ ಪುಟ ಹೊಸದಾಗಿ ತೆರೆದುಕೊಂಡು ಮೊದಲಿಗೆ ಹೋಗುತ್ತಿತ್ತು. ಗೇಟಕ್ಕ ಮತ್ತೆ ಒಂದರಿಂದ ಶುರು. ಬೇರೆಯವರಾದರೆ ಒಂಬತ್ತಕ್ಕೆ ಜಿಗಿದು ಮುಂದುವರಿಯುತ್ತಿದ್ದರು. ಈಕೆ ಅರ್ಧದಿಂದ ಓದಿದರೆ ಓದಿದಂತಲ್ಲ ಎನ್ನುವ ಜಾತಿಯವಳು.

ಬುಧವಾರ ಸಂಜೆ ತಂಗಿ ಮಗಳು ಚೀಲವನ್ನು ಮೂಲೆಗೆ ಎಸೆದು ಬಂದು ಕೂತಳು. ಮುಖ ಒಣಗಿದ ಸುಣ್ಣದ ಗೋಡೆಯಂತಿತ್ತು.

"ನೀರು ಕೊಡ್ಲಾ?"

"ನೀರು ಬೇಡ, ವಿಷ ಇದ್ರೆ ಕೊಡು."

"ವಿಷ ಖಾಲಿಯಾಗಿದೆ, ಚಹಾ ಇದೆ. ಏನಾಯ್ತು ಹೇಳು."

"ನಾನು ಕೆಲಸ ಬಿಡೋಳಂತೆ ದೊಡ್ಡಮ್ಮ! ಇಸ್ತ್ರಿ ಒಳಗೆ ಕರ್ದು ಹೇಳಿದ. ನಿನ್ನ ಮನಸ್ಸು ಇಲ್ಲಿಲ್ಲ, ಪಟ್ಟಿಯಿಂದ ಹೆಸರು ತೆಗೀತಿದೀವಿ ಅಂದ. ನಾನೆಲ್ಲಿಗೂ ಹೋಗ್ತಿಲ್ಲ ಸಾರ್ ಅಂದ್ರೆ, ಕಂಪ್ಯೂಟರ್ ತೋರಿಸ್ತಾನೆ. ಕೆಲಸ ಬಿಡೋರ ನಿಯಮದ ಪುಟ ಇಪ್ಪತ್ಮೂರು ಸಲ ತೆಗ್ದಿದೀನಂತೆ. ಒಂದೊಂದು ಸಲಕ್ಕೂ ನಾಲ್ಕು ನಾಲ್ಕು ನಿಮಿಷ ನೋಡ್ತಾ ಕೂತಿದ್ನಂತೆ. ಆ ಪುಟ ಎಲ್ಲಿದೆ ಅಂತಾನೇ ನಂಗೊತ್ತಿಲ್ಲ!"

ಗೇಟಕ್ಕ ಒಲೆಯ ಕಡೆ ನೋಡಿದಳು, ಗೋಡೆಯ ಕಡೆ ನೋಡಿದಳು. ನೋಡಲು ಮತ್ತೇನೂ ಉಳಿಯಲಿಲ್ಲ.

"ಆ ಪುಟ ತೆಗ್ದಿದ್ದು ನಾನು ಕಣೇ."

"ನೀನು ಕಾಲಿನ ವ್ಯಾಯಾಮ ನೋಡ್ತಿರ್ತೀನಿ ಅಂದಿದ್ದೆಯಲ್ಲ!"

"ಒಂದಿನ ನೋಡಿದೆ. ಆ ಹೆಂಗಸು ಬಗ್ಗೋದು ನೋಡೇ ನಂಗೆ ಸುಸ್ತಾಯ್ತು. ಆಮೇಲೆ ಇದನ್ನ ಓದ್ತಿದ್ದೆ."

"ಇಪ್ಪತ್ಮೂರು ಸಲಾನಾ? ಪರೀಕ್ಷೆಗೆ ಕೂತಿದೀಯಾ?" ಹುಡುಗಿಗೆ ಅಳು, ಸಿಟ್ಟು, ನಗು ಒಟ್ಟಿಗೇ ಬಂದು ಯಾವುದು ಮೊದಲು ಎಂದು ಗೊತ್ತಾಗದೆ ಬಿಕ್ಕಳಿಕೆ ಹತ್ತಿತು. "ನಿನ್ನ ಓದು ನನ್ನ ಹೊಟ್ಟೆ ಮೇಲೆ ಹೊಡೀತಲ್ಲೇ ದೊಡ್ಡಮ್ಮ!"

"ನಾಳೆ ನಾನೇ ಹೋಗಿ ಹೇಳ್ತೀನಿ. ಕುಡಿ, ಚಹಾ ಆರ್ತಿದೆ."

ಮರುದಿನ ಬೆಳಿಗ್ಗೆ ಗೂಡಿಗೆ ಚಿಲಕ ಹಾಕಿ ಗೇಟಕ್ಕ ಆಫೀಸಿಗೆ ಹೋದಳು. ಇಸ್ತ್ರಿಯ ಮೇಜಿನ ಮೇಲೆ ದೊಡ್ಡ ಪರದೆ, ಪರದೆಯ ಮೇಲೆ ಬಣ್ಣಬಣ್ಣದ ಗೆರೆಗಳು. ಹುಡುಗಿಯ ಟೋಕನ್ ನಂಬರಿನ ಮುಂದೆ ಕೆಂಪು ಚುಕ್ಕೆ. ಪಕ್ಕದಲ್ಲಿ ‘ಬಿಡುವ ಸಾಧ್ಯತೆ: ಹೆಚ್ಚು’.

"ಸಾರ್, ಅದನ್ನ ಓದಿದ್ದು ನಾನು. ಹುಡುಗಿ ಅಲ್ಲ."

"ಯಂತ್ರ ಸುಳ್ಳು ಹೇಳಲ್ಲಮ್ಮ."

"ಸುಳ್ಳು ಹೇಳಿದೆ ಅಂತ ನಾನೂ ಅನ್ನಲ್ಲ ಸಾರ್. ಅದು ಫೋನ್ ಯಾರದು ಅಂತ ನೋಡಿದೆ, ಬೆರಳು ಯಾರದು ಅಂತ ನೋಡಿಲ್ಲ. ನಮ್ಮನೇಲಿ ವೆಬ್‌ಸೈಟ್ ನೋಡೋಕೆ ಇಬ್ರಿಗೆ ಒಂದೇ ಫೋನು."

ಇಸ್ತ್ರಿ ಹಿಂದಕ್ಕೆ ಒರಗಿದ. ಆಗಲೂ ಅಂಗಿ ಸುಕ್ಕಾಗಲಿಲ್ಲ. "ಹಾಗಾದ್ರೆ ಕೆಲಸ ಬಿಡೋ ಯೋಚನೆ ನಿಮಗಿದೆ." ಹೇಳುತ್ತಲೇ ಏನೋ ಟೈಪು ಮಾಡಿದ. "ಮತ್ತೆ ಅವಳು ತನ್ನ ಟೋಕನ್ನಿನ ಖಾತೆ ಬೇರೆಯವರ ಕೈಗೆ ಕೊಟ್ಟಿದಾಳೆ. ಅದು ಇನ್ನೊಂದು ತಪ್ಪು."

ಒಂದು ಕೆಂಪು ಚುಕ್ಕೆ ಅಳಿಸಲು ಹೋದವಳು ಇನ್ನೂ ಎರಡು ಹಾಕಿಸಿಕೊಂಡಿದ್ದಳು.

"ಈಗೇನು ಬರ್ಕೊಂಡ್ರಿ ಸಾರ್? ಸ್ವಲ್ಪ ಈ ಕಡೆ ತಿರುಗಿಸಿ."

"ಅದು ಆಫೀಸಿನ ಮಾಹಿತಿ."

"ನನ್ನ ಬಗ್ಗೆ ಬರ್ದಿದ್ದು ನಂಗೆ ತೋರ್ಸೋ ಹಾಗಿಲ್ವಾ? ಮೂವತ್ತು ವರ್ಷದಿಂದ ನಾನು ಪುಸ್ತಕ ತಿರುಗ್ಸಿ ತೋರಿಸ್ತಿದೀನಿ. ಗೇಟೇನೂ ಬಿದ್ದಿಲ್ಲ."

"ನೀವು ಒಪ್ಪಿಗೆ ಕೊಟ್ಟಿದೀರಿ ಅಮ್ಮ. ‘ಒಪ್ಪಿದೆ’ ಒತ್ತಿದೀರಿ."

"ಒತ್ತದೇ ಇದ್ರೆ ಬಾಗಿಲೇ ತೆಗೀತಿರ್ಲಿಲ್ವಲ್ಲ ಸಾರ್. ಗೇಟಲ್ಲಿ ನಾನು ಯಾರದಾದ್ರೂ ಕತ್ತು ಹಿಡ್ಕೊಂಡು ಸಹಿ ಹಾಕು ಅಂದ್ರೆ ಅದನ್ನ ಒಪ್ಪಿಗೆ ಅಂತೀರಾ?"

ಇಸ್ತ್ರಿ ಗಡಿಯಾರ ನೋಡಿದ. ಗೇಟಕ್ಕನಿಗೆ ಆಗಲೇ ಆ ವಿಚಾರ ಹೊಳೆದದ್ದು. "ಇಪ್ಪತ್ಮೂರು ಸಲ, ನಾಲ್ಕು ನಿಮಿಷ. ಕಾರ್ಖಾನೆಗೋಸ್ಕರ ನನ್ನ ಬಗ್ಗೆ ವರದಿ ನಾನೇ ತಯಾರು ಮಾಡಿಕೊಟ್ಟಿದೀನಿ ಅಂತಾಯ್ತು. ಹಾಗಾದ್ರೆ ಕೂಲಿ ಕೊಡಿ. ನಿಮಿಷ ನೀವೇ ಹಿಡಿದಿದೀರಿ, ನಾನು ಬೇರೆ ಹಿಡಿಯೋದು ಬೇಡ." ಇಸ್ತ್ರಿ ತಮಾಷೆ ಎಂದುಕೊಂಡು ನಕ್ಕ. ಮಧ್ಯಾಹ್ನದೊಳಗೆ ಮೊದಲನೆಯ ಅರ್ಜಿ ಅವನ ಮೇಜಿನ ಮೇಲಿತ್ತು.

ಆದರೆ ಅರ್ಜಿಯಿಂದ ಹುಡುಗಿಯ ಹೆಸರು ಪಟ್ಟಿಗೆ ಬರುವುದಿಲ್ಲ. ಶನಿವಾರಕ್ಕೆ ಉಳಿದಿದ್ದು ಒಂದೂವರೆ ದಿನ. ಗೇಟಕ್ಕ ಗೂಡಿನಲ್ಲಿ ಕುಂಟು ಕುರ್ಚಿಯ ಮೇಲೆ ಕೂತು ಯೋಚಿಸಿದಳು. ಒಬ್ಬಳ ಮುಂದೆ ಇದ್ದರೆ ತಾನೇ ಆ ಕೆಂಪು ಚುಕ್ಕೆಗೆ ಬೆಲೆ? ಎಲ್ಲರ ಮುಂದೂ ಬಿದ್ದರೆ?

ಸಂಜೆ ಪಾಳಿ ಬಿಡುವಾಗ ಒಬ್ಬೊಬ್ಬರೂ ಗೇಟಿನಲ್ಲಿ ನಿಂತು ಚೀಲ ತೆರೆದು ತೋರಿಸಬೇಕು. ಮೂವತ್ತು ವರ್ಷದಲ್ಲಿ ಗೇಟಕ್ಕ ಯಾರ ಚೀಲದ ತಳವನ್ನೂ ಕೆದಕಿದವಳಲ್ಲ, ಆದರೂ ಕ್ರಮ ಅಂದರೆ ಕ್ರಮ. ಒಬ್ಬೊಬ್ಬರಿಗೆ ಒಂದು ಉಸಿರಿನಷ್ಟು ಹೊತ್ತು ಸಿಗುತ್ತದೆ. ಅಂದು ಆಕೆ ಪ್ರತಿ ಚೀಲದೊಳಕ್ಕೂ ಬಗ್ಗಿ ನೋಡಿದಳು, ಬಗ್ಗಿ ಪಿಸುಗುಟ್ಟಿದಳು: "ನಾಳೆ ಊಟದ ಹೊತ್ತಲ್ಲಿ ‘ಕೆಲಸ ಬಿಡುವವರಿಗೆ ನಿಯಮಗಳು’ ತೆಗೀರಿ. ಐದು ನಿಮಿಷ ಹಾಗೇ ಇಡಿ. ಹುಡುಗಿ ಕೆಲಸದ ವಿಷಯ."

"ನಂಗೂ ಕೆಂಪು ಚುಕ್ಕೆ ಬಿದ್ರೆ ಗೇಟಕ್ಕ?" ಎಂದು ಹಿಡಿಕೆ ವಿಭಾಗದವನೊಬ್ಬ ಅಳುಕಿದ.

"ಎಲ್ರನ್ನೂ ತೆಗೆದ್ರೆ ಕೊಡೆ ಯಾರು ಕಟ್ತಾರೋ? ಇಸ್ತ್ರಿನಾ? ಗಂಟು ಹಾಕಿದ್ರೆ ತೋಳು ಸುಕ್ಕಾಗಲ್ವಾ?"

ಸರತಿಯಲ್ಲಿ ಹಿಂದಿದ್ದವರು ನಕ್ಕರು. ನಕ್ಕವರ ಹೆದರಿಕೆ ಅರ್ಧ ಇಳಿಯುತ್ತದೆ, ಹೋರಾಟದಲ್ಲಿ ಕೂದಲು ಬೆಳ್ಳಗಾದವರಿಗೆ ಇದು ಗೊತ್ತು.

ಶುಕ್ರವಾರ ಊಟದ ಕೋಣೆಯಲ್ಲಿ ಡಬ್ಬಿಗಳ ಪಕ್ಕ ಸಾಲಾಗಿ ಫೋನುಗಳು. ಕೆಲಸದವರು ಮುನ್ನೂರ ಎಂಬತ್ತು ಮಂದಿ, ಮುನ್ನೂರಕ್ಕೂ ಮೇಲ್ಪಟ್ಟು ಪುಟ ತೆರೆದರು. ಮಾಲೀಕರ ಡ್ರೈವರನೂ ತೆರೆದ. ಪ್ಯಾಕಿಂಗ್ ವಿಭಾಗದಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬಳಿದ್ದಳು. ತೆರೆದು ಸುಮ್ಮನಿಡಲು ಬೇಸರವಾಗಿ ಅವಳು ಪುಟವನ್ನು ಕೆಳಗಿನಿಂದ ಓದತೊಡಗಿದಳು. ಇದ್ದಕ್ಕಿದ್ದಂತೆ ಚಮಚದಿಂದ ಡಬ್ಬಿ ಕುಟ್ಟಿದಳು.

"ಏಯ್, ಸುಮ್ನಿರ್ರೋ! ಹದಿನಾಲ್ಕನೇ ನಿಯಮ ಕೇಳಿ. ‘ಸತತ ಮೂರು ವರ್ಷ ಕೆಲಸ ಮಾಡಿದ ತಾತ್ಕಾಲಿಕ ಕಾರ್ಮಿಕರನ್ನು ಖಾಯಂಗೊಳಿಸದಿದ್ದಲ್ಲಿ, ಅದಕ್ಕೆ ಕಾರಣವನ್ನು ಲಿಖಿತವಾಗಿ ತಿಳಿಸತಕ್ಕದ್ದು.’ ಇದು ನಮಗೆ ಗೊತ್ತೇ ಇರ್ಲಿಲ್ವಲ್ಲ!"

ಗೊತ್ತಾಗಬಾರದೆಂದೇ ಅಲ್ಲಿಟ್ಟಿದ್ದರು. ಇರುವವರ ಹಕ್ಕನ್ನು ಬಿಟ್ಟುಹೋಗುವವರ ಪುಟದಲ್ಲಿ ಹೂತಿಟ್ಟರೆ ಯಾರು ಅಗೆಯುತ್ತಾರೆ? ಹುಡುಗಿ ಗೇಟಿಗೆ ಓಡಿಬಂದು ಸುದ್ದಿ ಹೇಳಿದಾಗ ಗೇಟಕ್ಕನಿಗೆ ಸಂತೋಷಕ್ಕಿಂತ ಅವಮಾನವೇ ಹೆಚ್ಚಾಯಿತು. "ಇಪ್ಪತ್ಮೂರು ಸಲ ಒಂಬತ್ತರವರೆಗೆ ಹೋಗಿ ವಾಪಸು ಬಂದೆನಲ್ಲೇ! ಅವಳು ಒಂದೇ ಸಲಕ್ಕೆ, ಅದೂ ಬುಡದಿಂದ!"

ಅಷ್ಟರಲ್ಲಿ ಮಾಲೀಕರ ಕಾರು ಬ್ರೇಕು ಕಿರುಚಿಸುತ್ತಾ ಬಂದು ನಿಂತಿತು. ಇಸ್ತ್ರಿಯ ಪರದೆಯ ಗೆರೆ, ಚುಕ್ಕೆಗಳು ಅವರ ಫೋನಿಗೂ ಹೋಗುತ್ತಿದ್ದವು. ಮನೆಯಲ್ಲಿ ಊಟಕ್ಕೆ ಕೂತವರಿಗೆ ಇಡೀ ಕಾರ್ಖಾನೆ ಕೆಂಪಾಗಿ ಕಂಡು, ಡ್ರೈವರನಿಗೂ ಕಾಯದೆ ತಾವೇ ಕಾರು ಓಡಿಸಿಕೊಂಡು ಬಂದಿದ್ದರು. ಗೇಟಕ್ಕ ಪೆನ್ನು ಮುಂದೆ ಚಾಚಿದಳು. ಮಾಲೀಕರಿಗೆ ರಿಜಿಸ್ಟರಿನ ಕಟ್ಟುಪಾಡಿಲ್ಲ, ಆದರೆ ಗಾಬರಿಯಲ್ಲಿದ್ದವರು ಚಾಚಿದ ಪೆನ್ನನ್ನು ಹಿಡಿದುಬಿಡುತ್ತಾರೆ. ‘ಯಾರನ್ನು ನೋಡಬೇಕು’ ಎಂಬಲ್ಲಿ ತಮ್ಮ ಹೆಸರನ್ನೇ ಬರೆದು ಒಳಗೆ ಓಡಿದರು.

ಅಂಗಳದಲ್ಲಿ ಜನ ನೆರೆದಿತ್ತು. ಇಸ್ತ್ರಿ ಆಫೀಸಿನ ಮೆಟ್ಟಿಲ ಮೇಲೆ ನಿಂತಿದ್ದ. ಅವನ ಅಂಗಿಯ ಕಂಕುಳಲ್ಲಿ ಮೊದಲ ಸಲ ಬೆವರು ಕಂಡಿತು.

"ಏನಯ್ಯಾ ಇದು? ಎಲ್ರೂ ಬಿಟ್ಟುಹೋಗ್ತಿದಾರಾ? ನನ್ನ ಡ್ರೈವರೂ ಹೋಗ್ತಾನಂತೆ!"

"ಇಲ್ಲ ಸಾರ್, ನಾನು ಸುಮ್ನೆ ಒತ್ತಿದೆ" ಎಂದ ಡ್ರೈವರ್, ಕೈಯಲ್ಲಿ ಅರ್ಧ ತಿಂದ ಊಟದ ಡಬ್ಬಿ.

ಮಾಲೀಕರು ಫೋನನ್ನು ಮೂಗಿನ ಹತ್ತಿರ ಹಿಡಿದರು. "ಎಲ್ರಿಗಿಂತ ಮೇಲೆ ಯಾರದೋ ಹೆಸರಿದೆಯಲ್ಲ. ಪುಟ ನಲವತ್ತು ಸಲ ತೆಗ್ದಿದಾನೆ. ಬಿಡುವ ಸಾಧ್ಯತೆ: ಬಹಳ ಹೆಚ್ಚು." ತಲೆಯೆತ್ತಿದರು. "ಇದು ನೀನೇ ಅಲ್ವೇನಯ್ಯಾ?"

"ಅದು... ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ನಾನು ದಿನಾ ತೆಗೆದು ನೋಡ್ತಿದ್ದೆ ಸಾರ್."

ಅಂಗಳ ಗೊಳ್ಳೆಂದಿತು. ನಗು ಇಳಿಯುವ ಮುಂಚೆ ತಂಗಿ ಮಗಳು ಮುಂದೆ ಬಂದಳು. ದೊಡ್ಡಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

"ಸಾರ್, ನಂಗೆ ಮೂರು ವರ್ಷ ಆಗಿದೆ. ಪಟ್ಟಿಯಿಂದ ನನ್ನ ಹೆಸರು ತೆಗೆದಿದೀರಿ. ಹದಿನಾಲ್ಕನೇ ನಿಯಮದ ಪ್ರಕಾರ ಕಾರಣ ಬರೆದುಕೊಡಿ."

ಮಾಲೀಕರು ಇಸ್ತ್ರಿಯತ್ತ ಕೈ ಬೀಸಿದರು. ಅವನು ಕಾಗದ ತರಿಸಿ, ‘ಸಂಸ್ಥೆಯಲ್ಲಿ ಮುಂದುವರಿಯುವ ಆಸಕ್ತಿ ಇಲ್ಲದಿರುವುದರಿಂದ’ ಎಂದು ಬರೆದ.

"ಆಸಕ್ತಿ ಇಲ್ಲ ಅಂತ ಹೇಗೆ ಗೊತ್ತಾಯ್ತು, ಅದನ್ನೂ ಬರೀರಿ. ಬರೆದು ಸೀಲು ಹಾಕಿ. ಕಾರ್ಮಿಕ ಇಲಾಖೆಯವರು ಓದ್ಲಿ."

ಇಸ್ತ್ರಿಯ ಪೆನ್ನು ಅಲ್ಲೇ ನಿಂತಿತು. ಕದ್ದು ನೋಡಬಹುದು, ಕದ್ದು ನೋಡಿದೆ ಎಂದು ಬರೆದು ಸಹಿ ಹಾಕುವುದು ಬೇರೆ ಮಾತು. ಅವನು ಮಾಲೀಕರನ್ನು ನೋಡಿದ. ಮಾಲೀಕರು ಗೋಡೆಯ ಮೇಲೆ ಬೋರ್ಡು ಕಿತ್ತ ಜಾಗದ ನಾಲ್ಕು ತೂತುಗಳನ್ನು ನೋಡುತ್ತಿದ್ದರು.

ಶನಿವಾರದ ಪಟ್ಟಿಯಲ್ಲಿ ಹುಡುಗಿಯ ಹೆಸರಿತ್ತು.

ಎಲ್ಲ ಸರಿಹೋಯಿತು ಎಂದು ಎದ್ದು ಹೊರಡಬೇಡಿ. ಗೇಟಕ್ಕನ ಮುಂದಿನ ಕೆಂಪು ಚುಕ್ಕೆ ಹಾಗೇ ಇದೆ. ಐವತ್ತೆಂಟು ದಾಟಿದ ಮೇಲೆ ಗೇಟಿನವರಿಗೆ ಎರಡು ವರ್ಷ ಮುಂದುವರಿಕೆ ಕೊಡುವ ರೂಢಿ ಇತ್ತು, ಆಕೆಗೆ ಇಲ್ಲ ಎಂದಿದ್ದಾರೆ. "ನೀವೇ ಬಿಡುವ ಯೋಚನೆಯಲ್ಲಿದ್ದಿರಲ್ಲ" ಎಂಬುದು ಕಾರಣ. ಗೇಟಕ್ಕ ಅದನ್ನೂ ಲಿಖಿತವಾಗಿ ಕೇಳಿದ್ದಾಳೆ. ವೆಬ್‌ಸೈಟಿನ ಪೆಟ್ಟಿಗೆಯೂ ಇದೆ. ‘ಒಪ್ಪಿದೆ’ಯ ಕೆಳಗೆ ಈಗ ‘ಬೇಡ’ ಎಂದು ಸೇರಿಸಿದ್ದಾರೆ, ಬೂದಿ ಬಣ್ಣದಲ್ಲಿ, ಸಾಸಿವೆ ಕಾಳಿನಷ್ಟು. ದಪ್ಪ ಕನ್ನಡಕದ ಹೆಂಗಸು ಊಟದ ಹೊತ್ತಿನಲ್ಲಿ ಅದನ್ನು ಹುಡುಕಿ ತೋರಿಸಿಕೊಡುತ್ತಾಳೆ. ಪ್ರತಿ ತಿಂಗಳು ಮೊದಲನೆಯ ತಾರೀಕು ನೂರಕ್ಕೂ ಹೆಚ್ಚು ಜನ ಒಂದೇ ಸಾಲಿನ ಪತ್ರ ಕೊಡುತ್ತಾರೆ: ‘ನನ್ನ ಬಗ್ಗೆ ಏನೇನು ಬರೆದುಕೊಂಡಿದ್ದೀರಿ, ತೋರಿಸಿ.’ ಉತ್ತರ ಬಂದಿಲ್ಲ. ಪತ್ರ ನಿಂತಿಲ್ಲ.

ಈಗ ನಿಮ್ಮ ಮಾತಿಗೆ ಬರೋಣ. ನೀವು ಇವತ್ತು ಬೆಳಿಗ್ಗೆಯಿಂದ ಎಷ್ಟು ಸಲ ‘ಒಪ್ಪಿದೆ’ ಒತ್ತಿದಿರಿ? ಯಾವುದಕ್ಕೆ ಒಪ್ಪಿದಿರಿ? ಗೊತ್ತಿಲ್ಲ, ಅಲ್ಲವೇ? ನಿಮ್ಮ ಕಚೇರಿ, ನಿಮ್ಮ ಬ್ಯಾಂಕು, ನಿಮ್ಮ ಮಕ್ಕಳ ಶಾಲೆ, ನೀವು ಔಷಧಿ ತರಿಸುವ ಅಂಗಡಿ, ಇವುಗಳಲ್ಲಿ ಯಾವುದರ ವೆಬ್‌ಸೈಟನ್ನು ದಿನಾ ತೆರೆಯುತ್ತೀರೋ ಅವರಿಗೆ ಈ ವಾರವೇ ಆ ಒಂದು ಸಾಲಿನ ಪತ್ರ ಬರೆಯಿರಿ. ಒಬ್ಬರೇ ಬರೆಯಬೇಡಿ, ಪಕ್ಕದ ಕುರ್ಚಿಯವರ ಸಹಿಯನ್ನೂ ಹಾಕಿಸಿ. ಉತ್ತರ ಬಾರದಿದ್ದರೆ ಮುಂದಿನ ತಿಂಗಳು ಮತ್ತೆ ಬರೆಯಿರಿ. ಪುರುಸೊತ್ತಿಲ್ಲ ಎನ್ನಬೇಡಿ, ಇಷ್ಟು ಓದುವಷ್ಟು ಪುರುಸೊತ್ತಿತ್ತು. ಕಾಗದ ತೆಗೆದುಕೊಳ್ಳಿ.